ದೊಡ್ಡ ಮೇಷ್ಟ್ರ ನಿಲ್ಲದ ಚಕ್ರ

ದೊಡ್ಡ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ಸೂತ್ರ ಮೇಷ್ಟ್ರ ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದು ಕೆನ್ನೆ ಸೋಪಿನ ನೊರೆಯಲ್ಲಿ ಮುಳುಗಿತ್ತು. ಹೆಂಡತಿ ಫೋನನ್ನು ಎದೆಗೆ ಒತ್ತಿಕೊಂಡು ಬಚ್ಚಲಿನ ಬಾಗಿಲಿಗೆ ಬಂದಳು.

"ರೀ, ನಿಮ್ಮ ದೊಡ್ಡ ಮೇಷ್ಟ್ರು ಹೋಗಿಬಿಟ್ರಂತೆ."

"ಹೋಗಿದಾರೆ, ಗೊತ್ತು. ಮಗಳ ಮನೆಗೆ. ಹೋಗಿ ಎಷ್ಟೋ ದಿನ ಆಯ್ತು."

"ಅಲ್ಲರೀ, ಅಲ್ಲಿಂದ ಹೋಗಿಬಿಟ್ರಂತೆ. ಮೊನ್ನೆ ಮಲಗಿದವರು ಏಳಲೇ ಇಲ್ವಂತೆ. ಆಗಬೇಕಾದ್ದೆಲ್ಲ ಅಲ್ಲೇ ಆಯ್ತಂತೆ. ನಮಗೆ ಈಗ ಗೊತ್ತಾಗ್ತಿದೆ ನೋಡಿ. ಅವರ ಮನೆಯವರು, ನಮ್ಮ ಅಮ್ಮ, ಇವತ್ತು ವಾಪಸು ಬರ್ತಿದಾರಂತೆ."

ಸೂತ್ರ ಮೇಷ್ಟ್ರು ಅಲ್ಲೇ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತುಬಿಟ್ಟರು. ಕಣ್ಣೀರು ಇಳಿದು ನೊರೆಯಲ್ಲಿ ಒಂದು ಕಾಲುವೆ ತೋಡಿತು. ಅವರಿಗೆ ಗಣಿತ ಕಲಿಸಿದವರು, ವಿಜ್ಞಾನ ಕಲಿಸಿದವರು, ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟು ನಿವೃತ್ತರಾದವರು ಆ ದೊಡ್ಡ ಮೇಷ್ಟ್ರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ದೇವರು ಒಳ್ಳೆಯವರನ್ನೇ ಬೇಗ ಕರ್ಕೊಳ್ತಾನೆ," ಎಂದಳು. ಎಂಬತ್ತು ದಾಟಿದವರ ವಿಷಯದಲ್ಲಿ ಬೇಗ ಎಂಬ ಮಾತು ಸಲ್ಲುತ್ತದೆಯೇ ಎಂದು ಬೇರೆ ದಿನವಾಗಿದ್ದರೆ ಸೂತ್ರ ಮೇಷ್ಟ್ರು ವಾದಕ್ಕೆ ಇಳಿಯುತ್ತಿದ್ದರು. ಇಂದು ಅವರು ಬೇರೇನನ್ನೋ ನೆನೆದು ದಿಗ್ಗನೆ ಎದ್ದು ನಿಂತರು.

"ಅಯ್ಯೋ, ಚಕ್ರ!"

"ಯಾವ ಚಕ್ರ? ಮುಖ ಮುಗಿಸ್ಕೊಂಡು ಹೋಗಿ!" ಎಂದು ಹೆಂಡತಿ ಕೂಗುವಷ್ಟರಲ್ಲಿ ಅವರು ಟವೆಲಿನಿಂದ ನೊರೆ ಒರೆಸಿ, ಒಂದು ಕೆನ್ನೆ ಬೋಳು, ಒಂದು ಕೆನ್ನೆ ಕುರುಚಲು ಗಡ್ಡದ ಮುಖ ಹೊತ್ತು ಬೀದಿಗಿಳಿದಾಗಿತ್ತು.

ಆ ಚಕ್ರದ ಕತೆಯನ್ನು ಇಲ್ಲಿ ಹೇಳಬೇಕು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ, ಗ್ರಹಗಳ ಲೆಕ್ಕ ಹಾಕುತ್ತಿದ್ದ ಪಂಡಿತರು ತಾನಾಗಿ ತಿರುಗುವ ಒಂದು ಚಕ್ರವನ್ನು ಕಲ್ಪಿಸಿಕೊಂಡಿದ್ದರು. ಚಕ್ರದ ಕಡ್ಡಿಗಳನ್ನು ಟೊಳ್ಳಾಗಿ, ಬಾಗಿಸಿ ಮಾಡಬೇಕು. ಒಳಗೆ ಅರ್ಧ ಪಾದರಸ ತುಂಬಬೇಕು. ಪಾದರಸ ಸದಾ ಒಂದು ಪಕ್ಕಕ್ಕೆ ಓಡಿ ಆ ಪಕ್ಕವನ್ನು ಭಾರ ಮಾಡುತ್ತದೆ, ಚಕ್ರ ಸದಾ ಸುತ್ತುತ್ತದೆ ಎಂಬುದು ಅವರ ಎಣಿಕೆ. ದೊಡ್ಡ ಮೇಷ್ಟ್ರು ನಿವೃತ್ತರಾದ ವರ್ಷ ಅಂಥದೇ ಒಂದು ಚಕ್ರವನ್ನು ಮರದಲ್ಲಿ ಮಾಡಿದರು. ಪಾದರಸ ಮಕ್ಕಳಿಗೆ ವಿಷವಾದ್ದರಿಂದ ಬಾಗಿದ ಕಾಲುವೆಗಳಲ್ಲಿ ಉಕ್ಕಿನ ಗುಂಡುಗಳನ್ನು ಇಟ್ಟರು. ಚಕ್ರವನ್ನು ಶಾಲೆಯ ವಿಜ್ಞಾನದ ಕೋಣೆಯ ಹೊರಗೆ, ಓಡಾಡುವ ಪಡಸಾಲೆಯ ಕಿಟಕಿಯ ಬಳಿ ನಿಲ್ಲಿಸಿ, ಒಂದು ಸಲ ಬೆರಳಿನಿಂದ ನೂಕಿ, "ಎಷ್ಟು ದಿನ ತಿರುಗುತ್ತೋ ನೋಡ್ತಿರಿ," ಎಂದಷ್ಟೇ ಹೇಳಿದರು. "ಮುಟ್ಟಬಾರದು" ಎಂದು ಒಂದು ಬೋರ್ಡನ್ನೂ ತೂಗುಹಾಕಿದರು. ಬೋರ್ಡು ಹಾಕಿದರೆ ಜನ ಮುಟ್ಟುವುದಿಲ್ಲ ಎಂದು ನಂಬುವಷ್ಟು ಸಾಧು ಮನುಷ್ಯ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶಾಲೆಗೆ ಬಂದ ಸೂತ್ರ ಮೇಷ್ಟ್ರು ನೋಡುತ್ತಾರೆ, ಚಕ್ರ ನಿಂತಿದೆ! ನಿಂತೇ ನಿಲ್ಲುತ್ತದೆ ಎಂದು ಅವರಿಗೆ ಗೊತ್ತಿತ್ತು. ಕೂಲಿ ಕೊಡದೆ ಕೆಲಸ ಮಾಡುವ ಯಂತ್ರ ಈ ಲೋಕದಲ್ಲಿಲ್ಲ ಎನ್ನುವುದಕ್ಕೆ ಅವರ ಬಳಿ ಸೂತ್ರವೂ ಇತ್ತು. ಅವರ ಬಳಿ ಎಲ್ಲದಕ್ಕೂ ಸೂತ್ರವಿತ್ತು. ಉಪಾಧ್ಯಾಯರ ಕೋಣೆಯ ಬಾಗಿಲು ಕಿರುಗುಟ್ಟಿದರೆ ಘರ್ಷಣೆಯ ಸೂತ್ರ ಹೇಳುವರೇ ಹೊರತು ಎಣ್ಣೆ ಬಿಡುತ್ತಿರಲಿಲ್ಲ. ಆ ಹೆಸರು ಬಂದದ್ದೇ ಹಾಗೆ. ಆದರೆ ಅಷ್ಟರಲ್ಲಿ ದೊಡ್ಡ ಮೇಷ್ಟ್ರು ಕೋಲೂರಿಕೊಂಡು ಗೇಟಿನೊಳಗೆ ಬರುತ್ತಿರುವುದು ಕಿಟಕಿಯಿಂದ ಕಂಡಿತು. ನಿಂತ ಚಕ್ರ ನೋಡಿ ಆ ಮುದುಕರ ಎದೆ ಒಡೆಯಬಾರದಲ್ಲ! ಸೂತ್ರ ಮೇಷ್ಟ್ರ ಕೈ ಅವರ ಅಪ್ಪಣೆ ಕೇಳದೆ ಮುಂದೆ ಹೋಗಿ ಚಕ್ರವನ್ನು ತಳ್ಳಿತು. ದೊಡ್ಡ ಮೇಷ್ಟ್ರು ಬಂದರು, ತಿರುಗುವ ಚಕ್ರವನ್ನು ಬಹಳ ಹೊತ್ತು ನೋಡಿದರು, ತಲೆ ಆಡಿಸಿ ಹೊರಟುಹೋದರು.

ಅಂದಿನಿಂದ ಅದೇ ನಡೆಯಿತು. ದಿನವೂ ದೊಡ್ಡ ಮೇಷ್ಟ್ರು ಬರುವುದು, ಅದಕ್ಕೆ ಮೊದಲೇ ಸೂತ್ರ ಮೇಷ್ಟ್ರು ಕಳ್ಳನಂತೆ ಅತ್ತಿತ್ತ ನೋಡಿ ಚಕ್ರವನ್ನು ತಳ್ಳುವುದು. ವರ್ಷಗಳು ಹೀಗೇ ಕಳೆದವು. ದೊಡ್ಡ ಮೇಷ್ಟ್ರು ಊರು ಬಿಟ್ಟ ಮೇಲೆ ಮಾತ್ರ ಸೂತ್ರ ಮೇಷ್ಟ್ರು ತಳ್ಳುವುದಕ್ಕೂ ರಜೆ ಕೊಟ್ಟಿದ್ದರು.

ಇಂದು ಶಾಲೆಯ ಮೆಟ್ಟಿಲ ಮೇಲೆ ಹೆಡ್‌ಮೇಡಂ ಸೂತ್ರ ಮೇಷ್ಟ್ರನ್ನೇ ಕಾಯುತ್ತಿದ್ದರು. ಮೂಗು ಕೆಂಪಗಾಗಿತ್ತು, ಆದರೆ ದನಿ ಎಂದಿನಂತೆ ಗಂಟೆ ಬಾರಿಸಿದ ಹಾಗಿತ್ತು.

"ಬನ್ನಿ ಸಾರ್. ಅಮ್ಮ ಫೋನ್ ಮಾಡಿದ್ರು. ಮನೆಗೆ ಹೋಗೋಕೆ ಮುಂಚೆ ಮಧ್ಯಾಹ್ನ ಸ್ಕೂಲಿಗೇ ಬರ್ತಾರಂತೆ. ಆ ಚಕ್ರಾನ ಒಂದ್ಸಲ ಕಣ್ಣಾರೆ ನೋಡಬೇಕು ಅಂದ್ರು."

"ನೋಡಲಿ ಮೇಡಂ, ಪಾಪ."

"ನೋಡಲಿ ಅಂದ್ರೆ ಆಗಲ್ಲ. ಸಭೆ ಮಾಡ್ತಿದೀವಿ. ವೇದಿಕೆ ಮೇಲೆ ಫೋಟೋ, ಫೋಟೋ ಪಕ್ಕ ಚಕ್ರ. ಸಭೆ ಮುಗಿಯೋವರೆಗೂ ತಿರುಗ್ತಾ ಇರಬೇಕು. ಹಿಂದಿನವರು ಶಕ್ತಿ, ಬಲ ಅಂದ್ರೆ ಏನಂತ ತಿಳ್ಕೊಂಡಿದ್ರು, ಮೇಷ್ಟ್ರು ಅದನ್ನ ಹೇಗೆ ಸಾಧಿಸಿ ತೋರಿಸಿದ್ರು ಅಂತ ನೀವು ಮಾತಾಡಬೇಕು."

"ಮೇಡಂ, ವಿಜ್ಞಾನದ ಪ್ರಕಾರ ಅದು ತಿರುಗೋಕೇ..."

"ವಿಜ್ಞಾನ ನಾಳೆಗೆ ಇಟ್ಕೊಳ್ಳಿ ಸಾರ್. ಇವತ್ತು ಮನುಷ್ಯರು ಬರ್ತಿದಾರೆ." ಅವರು ತಡೆದು, ಕತ್ತು ವಾಲಿಸಿ ನೋಡಿದರು. "ಮುಖಕ್ಕೇನಾಯ್ತು?"

"ದುಃಖ ಮೇಡಂ," ಎಂದು ಸೂತ್ರ ಮೇಷ್ಟ್ರು ಕರವಸ್ತ್ರವನ್ನು ಗಡ್ಡದ ಕೆನ್ನೆಗೆ ಒತ್ತಿಕೊಂಡರು. ಆಮೇಲೆ ಯಾರು ಎದುರಾದರೂ ಅದು ಕೆನ್ನೆಗೇರುತ್ತಿತ್ತು. ಕಂಡವರೆಲ್ಲ, ಎಷ್ಟು ಅಳುತ್ತಾರಪ್ಪ ಈ ಮನುಷ್ಯ ಎಂದುಕೊಂಡರು.

ಅವರಿಗೆ ಭಯವಿರಲಿಲ್ಲ. ಇಷ್ಟು ವರ್ಷ ತಳ್ಳಿದ ಕೈ, ಇದೊಂದು ದಿನ ಕೈಕೊಡುತ್ತದೆಯೇ? ಕಷ್ಟವೆಂದರೆ ಒಂದೇ. ಒಂದು ಸಲ ತಳ್ಳಿದರೆ ಚಕ್ರ ಅರ್ಧ ಪಾಠ ಮುಗಿಯುವವರೆಗೆ ತಿರುಗುತ್ತಿತ್ತು, ಅಷ್ಟೇ. ಹೆಡ್‌ಮೇಡಂ ಸ್ವಾಗತ ಭಾಷಣವೇ ಅದಕ್ಕಿಂತ ಉದ್ದ. ಅಮ್ಮನ ಕಣ್ಣೆದುರು ಚಕ್ರ ನಿಂತುಬಿಟ್ಟರೆ, ಗಂಡ ಬದುಕಿನ ಕೊನೆಯ ವರ್ಷಗಳನ್ನು ಒಂದು ಸುಳ್ಳನ್ನು ನಂಬಿ ಕಳೆದರು ಎಂದು ಆಕೆಗೆ ಇವತ್ತೇ ಗೊತ್ತಾಗಬೇಕೆ? ಕೂಡದು. ಅಮ್ಮ ಹೊರಡುವವರೆಗೆ ಚಕ್ರ ತಿರುಗಲೇಬೇಕು. ಹಾಗೆಂದು ದೇವರ ಮೇಲೆ ಆಣೆ ಇಟ್ಟುಕೊಂಡು ಅವರು ಪಡಸಾಲೆಗೆ ಹೋದರು.

ಅಲ್ಲಿ ಆಗಲೇ ಭಾಷಾ ಪಂಡಿತರು ನಿಂತಿದ್ದರು. ಸೂತ್ರ ಮೇಷ್ಟ್ರನ್ನು ಕಂಡವರೇ ಚಾಚಿದ್ದ ಕೈಯನ್ನು ಸರಕ್ಕನೆ ಹಿಂದಕ್ಕೆಳೆದು ಅದರಿಂದಲೇ ತಲೆ ಕೆರೆದುಕೊಂಡರು.

"ಏನ್ ಪಂಡಿತ್ರೇ, ಇಲ್ಲಿ?"

"ಸುಮ್ನೆ. ಮೇಷ್ಟ್ರ ನೆನಪಾಯ್ತು. ನೀವು ಹೋಗಿ, ಭಾಷಣ ತಯಾರು ಮಾಡ್ಕೊಳ್ಳಿ. ಚಕ್ರದ ಹತ್ರ ನಾನಿರ್ತೀನಿ."

"ಭಾಷಣ ಬಾಯಲ್ಲೇ ಇದೆ. ನೀವು ಹೋಗಿ ಕಾಫಿ ಕುಡೀರಿ. ನಾನಿರ್ತೀನಿ."

"ನನಗೆ ಕಾಫಿ ಆಗಲ್ಲ, ಕೆಮ್ಮು." ಪಂಡಿತರು ಜೇಬಿನಿಂದ ಒಂದು ಕೆಮ್ಮಿನ ಗುಳಿಗೆ ತೆಗೆದು ಬಾಯಿಗೆ ಹಾಕಿಕೊಂಡು ಅಲ್ಲೇ ಬೇರೂರಿದರು. "ಅಲ್ಲಾ ಸಾರ್, ಏನೇ ಹೇಳಿ, ನಮ್ಮ ಹಿರಿಯರು ಹೇಳದೆ ಬಿಟ್ಟಿದ್ದು ಏನಿದೆ? ಎಸೆದ ವಸ್ತುವಿನೊಳಗೆ ವೇಗ ಅನ್ನೋ ಗುಣ ಹೊಕ್ಕು ಕೂತ್ಕೊಳ್ಳುತ್ತೆ, ಅದು ಸವೆಯೋವರೆಗೂ ವಸ್ತು ಹೋಗ್ತಿರುತ್ತೆ ಅಂತ ಯಾವ ಕಾಲದಲ್ಲೋ ಹೇಳಿದ್ರು."

"ಹೇಳಿದ್ರು. ಬೇರೆ ಕಡೆಯ ಹಿರಿಯರು, ಬಾಣದ ಹಿಂದೆ ಗಾಳಿ ಓಡಿಬಂದು ತಳ್ಳುತ್ತೆ ಅಂತಾನೂ ಹೇಳಿದ್ರು. ತಳ್ಳೋರಿಲ್ಲದೆ ಏನೂ ಅಲ್ಲಾಡಲ್ಲ ಅಂತ ಅವರ ನಂಬಿಕೆ."

"ಅದು ಸರೀನೋ ತಪ್ಪೋ?"

"ತಪ್ಪು. ಆದ್ರೆ ಒಳ್ಳೇ ತಪ್ಪು. ದೊಡ್ಡ ಮೇಷ್ಟ್ರು ಹೇಳ್ತಿರಲಿಲ್ವಾ, 'ಹಳಬರು ತಪ್ಪಿದ್ರು ಕಣಯ್ಯ, ಆದ್ರೆ ಸರಿಯಾದ ಜಾಗದಲ್ಲಿ ನಿಂತು ತಪ್ಪಿದ್ರು' ಅಂತ? ಅವರು ತಪ್ಪದೆ ಇದ್ದಿದ್ರೆ ನಾವು ಹುಡುಕ್ತಾನೇ ಇರಲಿಲ್ಲ."

"ಹಾಗಾದ್ರೆ ತಳ್ಳೋರಿಲ್ಲದೆ ಈ ಚಕ್ರ ಹೇಗೆ ತಿರುಗ್ತಿತ್ತು ಇಷ್ಟು ದಿನ?" ಎಂದು ಪಂಡಿತರು ಕಣ್ಣು ಕಿರಿದು ಮಾಡಿ ಕೇಳಿದರು.

ಸೂತ್ರ ಮೇಷ್ಟ್ರಿಗೆ ಜೀವನದಲ್ಲಿ ಮೊದಲ ಬಾರಿಗೆ ಸೂತ್ರ ಸಿಗಲಿಲ್ಲ. "ಅದೇ... ಮೇಷ್ಟ್ರ ಪುಣ್ಯ," ಎಂದರು.

ಅಷ್ಟರಲ್ಲಿ ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ಡ್ರಿಲ್ ಮೇಷ್ಟ್ರು ಬಂದರು. ನಡೆದು ಬಂದರೂ ಓಡಿ ಬಂದಂತೆ ಸದ್ದಾಗುತ್ತಿತ್ತು. "ಇಬ್ರೂ ಇಲ್ಲೇನ್ ಮಾಡ್ತಿದೀರಿ? ಹೋಗಿ, ಹೋಗಿ. ನಾನು ನೋಡ್ಕೋತೀನಿ."

"ನೀವ್ಯಾಕೆ ನೋಡ್ಕೋಬೇಕು?" ಎಂದು ಇಬ್ಬರೂ ಒಟ್ಟಿಗೇ ಕೇಳಿದರು.

"ಯಾಕೆ ಅಂದ್ರೆ? ಯಂತ್ರ ಅಂದ್ಮೇಲೆ ಮೈ ಬೆಚ್ಚಗಾಗಬೇಕು. ಮಕ್ಕಳ ಹಾಗೇನೇ," ಎಂದವರೇ ಡ್ರಿಲ್ ಮೇಷ್ಟ್ರು ತೋಳು ಮಡಚಿ, ಯಾರೂ ತಡೆಯುವ ಮೊದಲೇ, ಕಬ್ಬಿಣದ ಗುಂಡು ಎಸೆಯುವವರಂತೆ ಬೀಸಿ ಒಂದು ಏಟು ಕೊಟ್ಟರು.

ಚಕ್ರ ತನ್ನ ಜನ್ಮದಲ್ಲಿ ಅಷ್ಟು ವೇಗ ಕಂಡಿರಲಿಲ್ಲ. ಮೊದಲು ಗುಂಯ್ ಎಂದಿತು, ಆಮೇಲೆ ಕಿಟಾರೆಂದಿತು, ಆಮೇಲೆ ಒಂದು ಕಾಲುವೆಯ ಮುಚ್ಚಳ ಕಿತ್ತುಬಂದು ಉಕ್ಕಿನ ಗುಂಡುಗಳು ಹುರಿಗಡಲೆಯಂತೆ ಸಿಡಿದವು. ಒಂದು ಗಾಜಿನ ಬೀರುವನ್ನು ಹೊಕ್ಕಿತು. ಒಂದು ಮೆಟ್ಟಿಲಿಳಿದು ಟಕ್ ಟಕ್ ಎನ್ನುತ್ತ ಸಂಸಾರ ಬಿಟ್ಟು ಹೊರಟವನಂತೆ ಗೇಟಿನ ಕಡೆ ಹೋಯಿತು. ಒಂದು ಪಂಡಿತರ ಮೊಣಕಾಲಿಗೆ ಬಡಿಯಿತು. ಅವರು ಕೂಗಿಕೊಂಡ ರಭಸಕ್ಕೆ ಬಾಯಲ್ಲಿದ್ದ ಗುಳಿಗೆ ಒಳಗಿಳಿದುಹೋಯಿತು.

ಮುಂದಿನ ಒಂದು ಪಾಠದ ಅವಧಿ ಮೂವರು ಉಪಾಧ್ಯಾಯರೂ ಕೈಕಾಲುಗಳ ಮೇಲೆ ಪಡಸಾಲೆಯಲ್ಲಿ ಹರಿದಾಡಿದರು. ಹೆಡ್‌ಮೇಡಂ ಬಂದು ನೋಡಿ, "ಇದೇನು, ಶ್ರದ್ಧಾಂಜಲೀನಾ?" ಎಂದರು. ಗುಂಡುಗಳೆಲ್ಲ ಸಿಕ್ಕವು, ಒಂದು ಬಿಟ್ಟು. ಆ ಒಂದರ ಜಾಗಕ್ಕೆ ಏನಿಡುವುದು ಎಂದು ಸೂತ್ರ ಮೇಷ್ಟ್ರು ತಲೆ ಕೆಡಿಸಿಕೊಂಡಾಗ ಪಂಡಿತರು ಜೇಬಿನಿಂದ ಇನ್ನೊಂದು ಕೆಮ್ಮಿನ ಗುಳಿಗೆ ಕೊಟ್ಟರು. ಗಾತ್ರ ಸರಿಯಾಗಿ ಕೂತಿತು. ತೂಕ ಮಾತ್ರ ಕೂರಲಿಲ್ಲ. ಈಗ ಚಕ್ರ ತಳ್ಳಿದರೆ ಎರಡು ಸುತ್ತು ಕುಂಟುತ್ತ ಹೋಗಿ, ಛತ್ರಿ ಮರೆತು ಬಂದವನಂತೆ ತಡೆದು ನಿಂತು, ಬಂದ ದಾರಿಯಲ್ಲೇ ವಾಪಸು ಹೋಗತೊಡಗಿತು.

"ಎಲ್ಲ ಸರಿಯಾಗಿದೆ ಮೇಡಂ," ಎಂದರು ಸೂತ್ರ ಮೇಷ್ಟ್ರು, ಕರವಸ್ತ್ರ ಒತ್ತಿಕೊಂಡು. "ವೇದಿಕೆ ಮೇಲೆ ತಾನಾಗಿ ತಿರುಗುತ್ತೆ. ನೀವು ನಿಶ್ಚಿಂತೆಯಿಂದಿರಿ. ನನ್ನ ಮಾತು ಮಾತ್ರ ಕೊನೆಗಿಡಿ."

ಅವರ ತಲೆಯಲ್ಲಿ ಉಪಾಯ ಹೊಳೆದಾಗಿತ್ತು. ವೇದಿಕೆಯ ಮೇಜಿಗೆ ನೆಲ ಮುಟ್ಟುವ ಬಟ್ಟೆ ಹೊದಿಸಿದ್ದರು. ಚಕ್ರದ ಅಚ್ಚಿಗೆ ಒಂದು ಕಪ್ಪು ದಾರ ಸುತ್ತಿ, ಬಟ್ಟೆಯ ತೂತಿನಿಂದ ಕೆಳಗಿಳಿಸಿ, ಮೇಜಿನಡಿ ಕುಳಿತು ಎಳೆಯುವುದು. ತಮ್ಮ ಸರದಿ ಬರುವ ಹೊತ್ತಿಗೆ ಹಿಂದಿನ ಪರದೆಯಿಂದ ಜಾರಿ, ಏನೂ ಅರಿಯದವರಂತೆ ಮೆಟ್ಟಿಲು ಹತ್ತಿ ಬರುವುದು. ಲೆಕ್ಕ ಹಾಕಿ ನೋಡಿದರು. ಎಲ್ಲೂ ತಪ್ಪಿರಲಿಲ್ಲ.

ಮಧ್ಯಾಹ್ನ ಸಭಾಂಗಣ ತುಂಬಿತು. ಮಕ್ಕಳು, ಹಳೆಯ ವಿದ್ಯಾರ್ಥಿಗಳು, ನೆರೆಹೊರೆಯವರು. ಅಮ್ಮ ಬಂದು ಮುಂದಿನ ಸಾಲಿನಲ್ಲಿ ಕುಳಿತರು. ಸಣ್ಣ ಜೀವ, ಬಿಳಿ ತಲೆ, ಅತ್ತು ಅತ್ತು ತಿಳಿಯಾದ ಕಣ್ಣು. ಆ ಕಣ್ಣು ಫೋಟೋ ನೋಡಿ, ನೇರ ಚಕ್ರದ ಮೇಲೆ ನಿಂತಿತು. ಎಲ್ಲರೂ ಮೌನವಾಗಿ ಕಣ್ಣು ಮುಚ್ಚಿ ನಿಂತ ಹೊತ್ತನ್ನೇ ಸಾಧಿಸಿ ಸೂತ್ರ ಮೇಷ್ಟ್ರು ಪರದೆಯ ಹಿಂದಿನಿಂದ ಮೇಜಿನಡಿ ನುಸುಳಿದರು. ನುಸುಳಿದವರ ಹಣೆ ಯಾವುದೋ ಮೊಣಕಾಲಿಗೆ ಢೀ ಹೊಡೆಯಿತು.

"ಯಾರದು?"

"ಶ್! ನಾನು," ಎಂದಿತು ಕತ್ತಲು. ಸೀಟಿ ಮಿನುಗಿತು. ಡ್ರಿಲ್ ಮೇಷ್ಟ್ರು!

"ನೀವಿಲ್ಲೇನ್ ಮಾಡ್ತಿದೀರಿ ಸಾರ್?"

"ನೀವೇನ್ ಮಾಡೋಕೆ ಬಂದ್ರೋ ಅದನ್ನೇ. ಕಾಲು ಆ ಕಡೆ ತಗೊಳ್ಳಿ. ನನ್ನ ಸ್ನಾಯು ಹಿಡ್ಕೊಂಡಿದೆ."

"ಅದು ಯಾವ ದಾರ ನಿಮ್ಮ ಕೈಲಿ?"

"ನನ್ನ ದಾರ. ಅಚ್ಚಿಗೆ ಸುತ್ತಿದೀನಿ."

"ನಾನೂ ಸುತ್ತಿದೀನಲ್ರೀ!"

"ಹಾಗಾದ್ರೆ ಇನ್ನೂ ಒಳ್ಳೇದು. ಇಬ್ರೂ ಎಳೆಯೋಣ. ಡಬಲ್ ಬಲ."

ಇಬ್ಬರೂ ಎಳೆದರು. ಮೇಲೆ ಏನೂ ಆಗಲಿಲ್ಲ. ಬಟ್ಟೆಯ ತೂತಿನಿಂದ ಇಣುಕಿದರೆ ಚಕ್ರ ಚಳಿಜ್ವರ ಬಂದವರಂತೆ ನಿಂತಲ್ಲೇ ನಡುಗುತ್ತಿತ್ತು.

"ಜೋರಾಗಿ ಎಳೀರಿ ಸಾರ್, ಊಟ ಮಾಡಿಲ್ವಾ?" ಎಂದು ಡ್ರಿಲ್ ಮೇಷ್ಟ್ರು ಹಲ್ಲು ಕಚ್ಚಿದರು.

"ನೀವು ಯಾವ ದಿಕ್ಕಿಗೆ ಸುತ್ತಿದೀರಿ?"

"ಬಲಕ್ಕೆ."

"ನಾನು ಎಡಕ್ಕೆ ಸುತ್ತಿದೀನಿ ಮಹಾನುಭಾವ! ನಮ್ಮಿಬ್ಬರ ಬಲ ಒಂದನ್ನೊಂದು ತಿಂದುಹಾಕ್ತಿದೆ. ಬಿಡಿ ನಿಮ್ಮ ದಾರ!"

"ನೀವೇ ಬಿಡಿ. ನಾನು ಮೊದಲು ಬಂದಿದೀನಿ."

ಮೇಲೆ ಪಂಡಿತರು ಫೋಟೋದ ಪಕ್ಕದ ಕುರ್ಚಿಯಲ್ಲಿ ಕುಳಿತು ದೊಡ್ಡದೊಂದು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಆದರೆ ಅದರ ಗಾಳಿ ಪಂಡಿತರ ಮುಖಕ್ಕೆ ಬರುತ್ತಿರಲಿಲ್ಲ, ಪೂರ್ತಿ ಚಕ್ರಕ್ಕೆ ಹೋಗುತ್ತಿತ್ತು. ಬಾಣವನ್ನು ಗಾಳಿ ತಳ್ಳುತ್ತದೆ ಎಂಬ ಮಾತು ಅವರ ಮನಸ್ಸಿಗೆ ಅಷ್ಟು ಹಿಡಿಸಿಬಿಟ್ಟಿತ್ತು. ಚಕ್ರ ಅದಕ್ಕೂ ಜಗ್ಗಲಿಲ್ಲ. ಫೋಟೋದ ಮುಂದಿಟ್ಟ ಹೂಗಳು ಮಾತ್ರ ಒಂದೊಂದಾಗಿ ಹಾರಿ ಹೆಡ್‌ಮೇಡಂ ತಲೆಯ ಮೇಲೆ ಬಿದ್ದವು. ಕೇಳುತ್ತಿದ್ದವರು ಅದನ್ನು ಶುಭಸೂಚನೆ ಎಂದುಕೊಂಡು ಕೈ ಮುಗಿದರು. ಹೆಡ್‌ಮೇಡಂ ಹೂಗಳನ್ನು ಕೊಡವಿಕೊಂಡು, ನಡುಗುವ ಚಕ್ರವನ್ನು ಕಂಡು ಬೆವತು, ಭಾಷಣವನ್ನು ತಟ್ಟನೆ ತುಂಡು ಮಾಡಿದರು.

"ಈ ಚಕ್ರದ ಮಹಿಮೇನ ನಮ್ಮ ವಿಜ್ಞಾನದ ಮೇಷ್ಟ್ರು ಈಗಲೇ ವಿವರಿಸ್ತಾರೆ."

ಮೇಜಿನಡಿ ಸೂತ್ರ ಮೇಷ್ಟ್ರು ದಡಬಡಿಸಿ ಪರದೆಯ ಕಡೆಗೆ ತಿರುಗಿದರು. ಆದರೆ ದಾರ ಬೆರಳಿಗೆ ಬಿಗಿದು ಸುತ್ತಿಕೊಂಡಿತ್ತು, ಡ್ರಿಲ್ ಮೇಷ್ಟ್ರ ಕಾಲು ಅಡ್ಡವಿತ್ತು, ಅಂಗಿಯ ಗುಂಡಿ ಬಟ್ಟೆಯ ಅಂಚಿಗೆ ಸಿಕ್ಕಿಕೊಂಡಿತ್ತು.

"ವಿಜ್ಞಾನದ ಮೇಷ್ಟ್ರು ಎಲ್ಲಿದ್ದರೂ ವೇದಿಕೆಗೆ ಬರಬೇಕು!"

ವೇದಿಕೆಯಲ್ಲೇ ಇದ್ದವರು ವೇದಿಕೆಗೆ ಬರುವುದು ಹೇಗೆ? ಎದ್ದರು. ಅವರೊಂದಿಗೆ ಬಟ್ಟೆ ಎದ್ದಿತು, ಮೇಜು ವಾಲಿತು, ಚಕ್ರ ಉರುಳಿತು. ಪಂಡಿತರು ಬೀಸಣಿಗೆ ಬಿಸಾಕಿ ಅದನ್ನು ತಬ್ಬಿ ಹಿಡಿದರು. ಬಟ್ಟೆಯ ಮುಸುಕು ಜಾರಿದಾಗ ಸಭೆಗೆ ಕಂಡದ್ದು ಇಷ್ಟು: ಅರ್ಧ ಗಡ್ಡದ ವಿಜ್ಞಾನದ ಮೇಷ್ಟ್ರು, ಕೈಯಲ್ಲಿ ದಾರ, ಅವರ ಕಾಲ ಬಳಿ ಮೊಣಕಾಲೂರಿದ ಡ್ರಿಲ್ ಮೇಷ್ಟ್ರು, ಅವರ ಕೈಯಲ್ಲೂ ದಾರ, ಎದೆಗೆ ಚಕ್ರ ಅವಚಿಕೊಂಡ ಪಂಡಿತರು.

ಮಕ್ಕಳು ಚಪ್ಪಾಳೆ ತಟ್ಟಿದರು. ಹೆಡ್‌ಮೇಡಂ, "ಏನ್ರೀ ಇದು ಬೊಂಬೆಯಾಟ!" ಎಂದು ಕಿರುಚಿದರು.

ಸೂತ್ರ ಮೇಷ್ಟ್ರು ಬೇರೆ ಯಾರನ್ನೂ ನೋಡಲಿಲ್ಲ. ನೇರ ಅಮ್ಮನ ಮುಂದೆ ಹೋಗಿ ಕೈ ಜೋಡಿಸಿದರು.

"ಅಮ್ಮಾ, ತಪ್ಪಾಯ್ತು. ಚಕ್ರ ಯಾವತ್ತೂ ತಾನಾಗಿ ತಿರುಗಿಲ್ಲ. ಮೇಷ್ಟ್ರ ಮನಸ್ಸು ನೋಯಬಾರದು ಅಂತ ದಿನಾ ಬೆಳಿಗ್ಗೆ ನಾನೇ ತಳ್ತಿದ್ದೆ."

"ನೀವಾ?" ಡ್ರಿಲ್ ಮೇಷ್ಟ್ರು ತಲೆ ಎತ್ತಿದರು. "ನೀವೆಲ್ಲಿ ತಳ್ತಿದ್ರಿ? ಮಕ್ಕಳನ್ನ ಸಾಲಿಗೆ ನಿಲ್ಲಿಸಿ ಬಂದು ನಾನಲ್ವಾ ತಳ್ತಿದ್ದಿದ್ದು!"

"ಇಬ್ರೂ ಸುಮ್ನಿರಿ," ಎಂದರು ಪಂಡಿತರು ಚಕ್ರದ ಹಿಂದಿನಿಂದ. "ಪ್ರಾರ್ಥನೆ ಆದ ಕೂಡ್ಲೇ ನಾನು ತಳ್ಳದೇ ಇದ್ದಿದ್ರೆ ಅದು ಎಂದೋ ತುಕ್ಕು ಹಿಡೀತಿತ್ತು."

ಹೆಡ್‌ಮೇಡಂ ಮೆಲ್ಲಗೆ ಕುರ್ಚಿಯಲ್ಲಿ ಕುಸಿದರು. "ಊಟದ ಬಿಡುವಲ್ಲಿ ಮಾತ್ರ ನಾನು," ಎಂದರು, ತಮಗೇ ಕೇಳುವಷ್ಟು ಸಣ್ಣ ದನಿಯಲ್ಲಿ. ಮೈಕು ಅದನ್ನು ಎಲ್ಲರಿಗೂ ಕೇಳಿಸಿತು. ಹಿಂದಿನ ಸಾಲುಗಳಿಂದ ಮಕ್ಕಳು, "ನಾವೂ ಮೇಡಂ! ನಾವೂ ತಳ್ತಿದ್ವಿ!" ಎಂದು ಕೂಗಿದರು.

ಅಮ್ಮ ಎದ್ದು ನಿಂತರು. ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಹಾಗಾದ್ರೆ ಇಷ್ಟು ವರ್ಷ ನಮ್ಮ ಯಜಮಾನರ ನಿದ್ದೆ ಕೆಡಿಸಿದ್ದು ನೀವೆಲ್ಲ ಸೇರಿಯಾ?"

ಪಂಡಿತರು ಚಕ್ರವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡರು.

"ಅವರು ಆ ಚಕ್ರ ಮಾಡಿದ್ದು ನಿಲ್ಲಲಿ ಅಂತ ಕಣಪ್ಪಾ!" ಎಂದರು ಅಮ್ಮ. "ಹಳೇ ಕಾಲದವರು ಅದನ್ನ ತಿರುಗಿಸೋಕೆ ತಲೆತಲಾಂತರದಿಂದ ಒದ್ದಾಡಿದ್ರಂತೆ. ಅದು ನಿಂತೇ ನಿಲ್ತಿತ್ತಂತೆ. ಯಾಕೆ ನಿಲ್ತಿದೆ ಅಂತ ಕೇಳ್ತಾ ಕೇಳ್ತಾನೇ ಜನ ಶಕ್ತಿ ಅಂದ್ರೆ ಏನಂತ ಕಲಿತ್ರಂತೆ. ಅದು ಸುಮ್ನೆ ಹುಟ್ಟಲ್ಲ, ಸುಮ್ನೆ ಸಾಯಲ್ಲ ಅಂತ. ಮಕ್ಕಳೂ ಹಾಗೇ ಕಲೀಬೇಕು ಅಂತ ಇವರಿಗೆ ಆಸೆ. 'ಚಕ್ರ ಯಾಕೆ ನಿಂತೋಯ್ತು ಮೇಷ್ಟ್ರೇ' ಅಂತ ಒಂದು ಮಗು ಬಂದು ಕೇಳಲಿ, ಅವತ್ತು ನನ್ನ ಅತ್ಯುತ್ತಮ ಪಾಠ ಮಾಡ್ತೀನಿ ಅಂತ ಕಾಯ್ತಿದ್ರು. ದಿನಾ ಬೆಳಿಗ್ಗೆ ಇಲ್ಲಿಗೆ ಯಾಕೆ ಬರ್ತಿದ್ರು ಅಂದ್ಕೊಂಡ್ರಿ? ನಿಂತಿದ್ಯಾ ಅಂತ ನೋಡೋಕೆ!"

ಸೂತ್ರ ಮೇಷ್ಟ್ರು ಜೋಡಿಸಿದ್ದ ಕೈಗಳನ್ನು ಕೆಳಗಿಳಿಸಿದರು.

"ಮನೆಗೆ ಬಂದು ಚಪ್ಪಲಿ ಬಿಡೋಕೆ ಮುಂಚೆನೇ 'ಇವತ್ತೂ ನಿಂತಿಲ್ಲ ಕಣೇ' ಅಂತಿದ್ರು. ಯಾರಾದ್ರೂ ತಳ್ತಿರಬಹುದು ಅಂತ ನಾನಂದ್ರೆ, 'ಛೆ, ಬೋರ್ಡು ಹಾಕಿದೀನಲ್ಲ' ಅಂತಿದ್ರು. ರಾತ್ರಿಯೆಲ್ಲ ಕೂತು ಲೆಕ್ಕ ಹಾಕೋರು. ಕೊನೆಕೊನೆಗೆ, 'ನಾನು ಬದುಕಿಡೀ ಕಲಿಸಿದ್ದೇ ತಪ್ಪೇನೋ, ಹಳಬರೇ ಸರಿಯೇನೋ' ಅಂತ ಸೊರಗಿಬಿಟ್ರು. ಅದಕ್ಕೇ ಬಂದೆ ನಾನು. ಅವರು ಹೋದಮೇಲಾದ್ರೂ ನಿಂತಿದ್ಯಾ, ಕಣ್ಣಾರೆ ನೋಡಿ ಹೇಳೋಣ ಅಂತ."

"ನಿಂತಿತ್ತು ಅಮ್ಮಾ," ಎಂದರು ಸೂತ್ರ ಮೇಷ್ಟ್ರು. "ಬೆಳಿಗ್ಗೆ ನೋಡಿದಾಗ ನಿಂತೇ ಇತ್ತು. ನಾವೇ..."

"ಆಯ್ತು ಬಿಡಿ. ಪ್ರೀತಿಯಿಂದ ಮಾಡಿದ್ರಿ. ಪ್ರೀತಿ ಇಷ್ಟು ಕಷ್ಟ ಕೊಡುತ್ತೆ ಅಂತ ಅವರ ಲೆಕ್ಕಕ್ಕೆ ಸಿಗಲಿಲ್ಲ." ಅಮ್ಮ ಅವರ ಭುಜದ ಮೇಲೆ ಕೈಯಿಟ್ಟರು. "ಇನ್ನು ಮೇಲೆ ಅದನ್ನ ನಿಲ್ಲೋಕೆ ಬಿಡಿ. ಮಕ್ಕಳು ಕೇಳ್ತಾರೆ. ಆ ಪಾಠ ನೀವು ಮಾಡಿ. ಅಷ್ಟೇ ನಾನು ಕೇಳೋದು."

ಸೂತ್ರ ಮೇಷ್ಟ್ರ ಎದೆ ಉಬ್ಬಿತು. ಇದಕ್ಕಿಂತ ಸುಲಭದ ಕೆಲಸ ಈ ಲೋಕದಲ್ಲಿದೆಯೇ? ಏನೂ ಮಾಡದೆ ಇದ್ದರಾಯಿತು! ಎದೆಯ ಮೇಲೆ ಕೈಯಿಟ್ಟು, "ನನ್ನ ಮೇಲೆ ಬಿಡಿ ಅಮ್ಮಾ. ಇನ್ನು ಒಬ್ಬರ ಬೆರಳೂ ಅದಕ್ಕೆ ತಾಗಲ್ಲ," ಎಂದರು. ಪಂಡಿತರಿಂದ ಚಕ್ರವನ್ನು ಇಸಿದುಕೊಂಡು, ದಾರ ಬಿಡಿಸಿ, ಮೇಜಿನ ಮೇಲೆ ನಿಲ್ಲಿಸಿ, ಅದು ಪೂರ್ತಿ ಸ್ಥಿರವಾಗುವವರೆಗೆ ಎರಡು ಕೈಯಲ್ಲೂ ಹಿಡಿದುಕೊಂಡು, ಮೆಲ್ಲಗೆ ಬಿಟ್ಟರು. ಚಕ್ರ ನಿಂತಿತು. ಎಷ್ಟೋ ವರ್ಷಗಳ ಮೇಲೆ, ಎಲ್ಲರ ಕಣ್ಣೆದುರು, ನಿರಾಳವಾಗಿ ನಿಂತಿತು. ಸಭೆ ಕಣ್ಣೀರಿಟ್ಟಿತು.

ಆಮೇಲೆ ಎಲ್ಲರೂ ಸಾಲಾಗಿ ಬಂದು ಫೋಟೋಗೆ ಹೂವಿಡತೊಡಗಿದರು. ಮೊದಲು ಹೆಡ್‌ಮೇಡಂ. ಹೂವಿಟ್ಟು, ತಡೆಯಲಾರದೆ, "ತಪ್ಪಾಯ್ತು ಮೇಷ್ಟ್ರೇ," ಎಂದು ಚಕ್ರದ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಚಕ್ರ ಒಂದು ಬೆರಳಗಲ ಸರಿಯಿತು.

"ಮೇಡಂ, ಮುಟ್ಟಬೇಡಿ!"

"ಮುಟ್ಟಿದ್ದು ಎಲ್ಲಿ? ನಮಸ್ಕಾರ ಮಾಡಿದ್ದು."

ಹಿಂದೆಯೇ ಪಂಡಿತರು ಬಂದರು, ಮುಟ್ಟಿದರು. ಡ್ರಿಲ್ ಮೇಷ್ಟ್ರು ಬಿಕ್ಕುತ್ತ ಬಂದು ಅಂಗೈ ಪೂರ್ತಿ ಇಟ್ಟರು. ಹಳೆಯ ವಿದ್ಯಾರ್ಥಿಗಳು, ಅವರ ಹೆಂಡಂದಿರು, ನೆರೆಹೊರೆಯವರು, ಎಲ್ಲರೂ ಸಾಲು ಬಂದ ಒಂದೇ ಪಕ್ಕದಿಂದ, ಒಂದೇ ದಿಕ್ಕಿಗೆ, ಭಕ್ತಿಯಿಂದ ಒಂದೊಂದು ಸಲ ಮುಟ್ಟಿದರು. ಎರಡು ದಾರಕ್ಕೆ, ಒಂದು ಬೀಸಣಿಗೆಗೆ ಜಗ್ಗದ ಚಕ್ರ, ಗುಳಿಗೆಯ ಕುಂಟನ್ನೂ ಮರೆತು, ಬೆಣ್ಣೆಯಲ್ಲಿ ತಿರುಗಿದಂತೆ ತಿರುಗತೊಡಗಿತು.

ಸೂತ್ರ ಮೇಷ್ಟ್ರು ಹಿಡಿದು ನಿಲ್ಲಿಸಿದರು. ಮುಂದಿನವರು ಮುಟ್ಟಿದರು. ಮತ್ತೆ ನಿಲ್ಲಿಸಿದರು. "ಮೇಷ್ಟ್ರ ಕೊನೇ ಆಸೆ ಕಣ್ರೀ, ನಿಲ್ಲೋಕೆ ಬಿಡ್ರೀ!" ಎಂದು ಅಂಗಲಾಚಿದರು.

"ಒಂದೇ ಒಂದ್ಸಲ ಸಾರ್, ಅವರ ನೆನಪಿಗೆ."

"ಮೇಷ್ಟ್ರ ಕೈ ಆಡಿದ ಮರ ಅದು. ಮುಟ್ಟದೆ ಹೇಗೆ ಹೋಗೋದು?"

"ಏನಪ್ಪಾ ಈ ಮನುಷ್ಯ, ಮುಟ್ಟೋಕೂ ಬಿಡಲ್ಲ. ಕಲ್ಲು ಮನಸ್ಸು."

ಸಾಲಿನ ಕೊನೆಯಲ್ಲಿ ಅಮ್ಮ ಇದ್ದರು. ಸೂತ್ರ ಮೇಷ್ಟ್ರು ಆಸೆಯಿಂದ ಅವರನ್ನೇ ನೋಡಿದರು. ಅಮ್ಮ ಗಂಡನ ಫೋಟೋ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಚಕ್ರದ ಕಡೆ ತಿರುಗಿ, ತಮಗರಿವಿಲ್ಲದೆಯೇ ಕೈ ಚಾಚಿ, ಮಗುವಿನ ತಲೆ ಸವರುವಂತೆ ಅದರ ಅಂಚನ್ನು ಸವರಿದರು. ಚಕ್ರ ಇನ್ನಷ್ಟು ಚೆನ್ನಾಗಿ ತಿರುಗಿತು. ತಾವೇನು ಮಾಡಿದೆವೆಂದು ತಿಳಿದಾಗ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಒಳಗೆ ನಗುವಿತ್ತೋ ಅಳುವಿತ್ತೋ, ಎರಡೂ ಇತ್ತೋ.

ಹೆಡ್‌ಮೇಡಂ ಮೈಕಿನ ಮುಂದೆ ಬಂದು ಘೋಷಿಸಿದರು. "ನಾಳೆಯಿಂದ ದಿನಾ ಪ್ರಾರ್ಥನೆ ಆದ್ಮೇಲೆ ಒಂದೊಂದು ತರಗತಿಯವರು ಸಾಲಾಗಿ ಬಂದು ಮೇಷ್ಟ್ರ ಚಕ್ರಕ್ಕೆ ನಮಸ್ಕಾರ ಮಾಡಬೇಕು. ಅದು ತಿರುಗ್ತಾ ಇರೋವರೆಗೂ ಮೇಷ್ಟ್ರು ನಮ್ಮ ಜೊತೆ ಇದ್ದ ಹಾಗೆ. ಉಸ್ತುವಾರಿ ವಿಜ್ಞಾನದ ಮೇಷ್ಟ್ರದು. ಒಂದು ದಿನವೂ ನಿಲ್ಲದ ಹಾಗೆ ನೋಡ್ಕೋಬೇಕು."

ಚಪ್ಪಾಳೆ ಮೊಳಗಿತು. ಡ್ರಿಲ್ ಮೇಷ್ಟ್ರು ಸಂತೋಷಕ್ಕೆ ಸೀಟಿ ಊದಿದರು.

ಜನರೆಲ್ಲ ಹೋದ ಮೇಲೆ ಸೂತ್ರ ಮೇಷ್ಟ್ರು ಖಾಲಿ ಸಭಾಂಗಣದಲ್ಲಿ ಒಬ್ಬರೇ ಉಳಿದರು. ಚಕ್ರ ತಿರುಗುತ್ತಲೇ ಇತ್ತು. ನಿಲ್ಲಿಸಬೇಕೆಂದು ಕೈ ಚಾಚಿ, ಅಮ್ಮನ ಕೈ ಸೋಕಿದ ಅಂಚು ಸುತ್ತಿ ಬರುವುದನ್ನು ಕಂಡು, ಕೈ ಹಿಂದಕ್ಕೆಳೆದುಕೊಂಡರು. ಫೋಟೋದಲ್ಲಿದ್ದ ದೊಡ್ಡ ಮೇಷ್ಟ್ರ ಮುಂದೆ ಕಣ್ಣು ಮುಚ್ಚಿ, ಕೈ ಜೋಡಿಸಿ ನಿಂತರು.

"ದೇವರೇ, ಇದನ್ನು ನಿಲ್ಲಿಸುವುದು ನನ್ನಿಂದಾಗದು. ನಮ್ಮ ಮೇಷ್ಟ್ರು ಜೀವಮಾನವೆಲ್ಲ ಕಾದ ನಿಲುಗಡೆಯನ್ನು ನಿನ್ನ ಬಳಿಯಲ್ಲಾದರೂ ಅವರಿಗೆ ಕೊಡು. ಯಾರೂ ತಳ್ಳದ, ಯಾರೂ ಎಳೆಯದ ಜಾಗದಲ್ಲಿ ಅವರ ಆತ್ಮ ಶಾಂತವಾಗಿರಲಿ."